ತಂಗಿ ಬರೆದ ಉದ್ದ ಸಾಲುಗಳು

"ಇದರಲ್ಲಿ ನಮ್ಮಣ್ಣ ಉಸಿರೇ ತಗೊಂಡಿಲ್ಲ."

ಹೆಡ್‌ಫೋನ್ ಕಳಚಿ ಮೇಜಿನ ಮೇಲಿಟ್ಟು ಅವಳು ಹೇಳಿದ ಮೊದಲ ಮಾತು ಅದು. ಎದುರಿಗೆ ಕುಳಿತಿದ್ದ ಸೌಂಡ್ ಇಂಜಿನಿಯರ್ ತಲೆ ಎತ್ತಲಿಲ್ಲ.

ಅಣ್ಣ ತೀರಿಕೊಂಡು ಒಂದು ತಿಂಗಳಾಗಿತ್ತು. ನಾಲ್ವರು ಗೆಳೆಯರ ರಾಕ್ ಬ್ಯಾಂಡಿಗೆ ಅವನೇ ಗಾಯಕ. ಯಾವ ಕಂಪನಿಯ ಹಂಗೂ ಇಲ್ಲದೆ ಏಳು ವರ್ಷ ಸಿಕ್ಕಸಿಕ್ಕಲ್ಲಿ ನುಡಿಸಿ, ಕೊನೆಗೂ ಮೊದಲ ಆಲ್ಬಮ್‌ಗೆ ಕೈ ಹಾಕಿದ್ದರು. ಒಂಬತ್ತು ಹಾಡು. ಒಂಬತ್ತನ್ನೂ ಬರೆದವಳು ಅವಳೇ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಕೆಲಸ ಅವಳದು. ಗಿರಾಕಿ ಇಲ್ಲದಾಗ ಚೀಟಿಯ ಹಿಂಬದಿಯಲ್ಲಿ ಸಾಲು ಗೀಚಿ ಅಣ್ಣನ ಜೇಬಿಗೆ ತುರುಕುತ್ತಿದ್ದಳು.

ಒಂಬತ್ತನೆಯದನ್ನು ಹಾಡಿ ಮುಗಿಸಿದ ಹನ್ನೊಂದನೇ ದಿನ ಅಣ್ಣ ಹೋದ. ಶ್ವಾಸಕೋಶದ ಕಾಯಿಲೆ. ಇಷ್ಟು ಬೇಗ ಹೋಗುತ್ತಾನೆಂದು ಅವಳಿಗೆ ಯಾರೂ ಹೇಳಿರಲಿಲ್ಲ...

ಬಿಡುಗಡೆಗೆ ಮುಂಚೆ ಮನೆಯವರು ಕೇಳಲಿ ಎಂದು ಡ್ರಮ್ಮರ್ ಅವಳನ್ನು ಸ್ಟುಡಿಯೋಗೆ ಕರೆತಂದಿದ್ದ. ಅವನನ್ನು ಎಲ್ಲರೂ ‘ಗುಡುಗು’ ಎಂದೇ ಕರೆಯುತ್ತಿದ್ದರು.

"ಪ್ರತಿ ಸಾಲಿಗೂ ಮುಂಚೆ ಜೋರಾಗಿ ಉಸಿರು ಎಳ್ಕೊಳ್ತಿದ್ದ. ಚಿಕ್ಕಂದಿನಿಂದ ಕೇಳಿದೀನಿ. ಎಲ್ಲಿ ಅದು?" ಅವಳು ಕೇಳಿದಳು.

"ತೆಗೆದಿದೀನಿ," ಎಂದ ಇಂಜಿನಿಯರ್.

"ಯಾರನ್ನ ಕೇಳಿ?"

ಅವನು ಪರದೆಯತ್ತ ತಿರುಗಿಕೊಂಡ. ಬ್ಯಾಂಡಿನವರು ಅವನಿಗೆ ‘ಮೌನಿ’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

"ಮೂಲ ರೆಕಾರ್ಡಿಂಗ್ ಇರುತ್ತಲ್ಲ, ಅದನ್ನ ಹಾಕಿ."

"ಇಲ್ಲ. ಅಳಿಸಿಬಿಟ್ಟೆ."

ಅವಳು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು.

"ನಿಮಗೆ ಇನ್ನೊಬ್ಬರ ಗಂಟಲು ಅಂದ್ರೆ ಬರೀ ಸಾಮಾನು, ಅಲ್ವಾ?"

ಗುಡುಗು ನಡುವೆ ಬಂದ. "ಜಗಳ ಬೇಡಮ್ಮ. ದನಿ ಹದ ಮಾಡೋ ಕೊನೇ ಕೆಲಸ ಇನ್ನೂ ಬಾಕಿ ಇದೆ. ನೀನೇ ಪಕ್ಕದಲ್ಲಿ ಕೂತು ಒಂದೊಂದೇ ಹಾಡು ನೋಡು. ಒಪ್ಪಿಗೆ ಆದ್ರೆ ಮಾತ್ರ ಹೊರಗೆ ಬಿಡೋಣ."

ಹಾಗಾಗಿ ವಾರಕ್ಕೆರಡು ಮಧ್ಯಾಹ್ನ ಅವಳು ಬರತೊಡಗಿದಳು. ಕಿಟಕಿ ಇಲ್ಲದ ಕೋಣೆ. ಗೋಡೆಗೆಲ್ಲ ಬೂದು ಸ್ಪಂಜು. ಮೂಲೆಯಲ್ಲಿ ಒಂದು ಕಡೆ ಕುಸಿದ ಸೋಫಾ.

ಮೊದಲೆರಡು ವಾರ "ಹೂಂ", "ಊಹೂಂ" ಬಿಟ್ಟರೆ ಮಾತಿಲ್ಲ. ಅಣ್ಣನ ದನಿ ಅವಳ ಕಣ್ಣು ತುಂಬಿಸಿದಾಗಲೆಲ್ಲ ಮೌನಿ ಏನೋ ಮರೆತವನಂತೆ ಎದ್ದು ಹೊರಗೆ ಹೋಗುತ್ತಿದ್ದ. ಅವಳು ಮುಖ ಒರೆಸಿಕೊಂಡ ಮೇಲಷ್ಟೇ ಒಳಗೆ ಬರುತ್ತಿದ್ದ.

ಒಂದು ದಿನ ಅವನೇ ಕೇಳಿದ. "ಮೂರನೇ ಹಾಡಲ್ಲಿ ‘ಮತ್ತೆ’ ಅಂತ ಎರಡು ಸಲ ಬರುತ್ತೆ. ಬೇಕಂತಲೇ ಬರೆದದ್ದಾ?"

ಅವಳು ಬೆರಗಾದಳು. ಅದನ್ನು ಅಣ್ಣನೂ ಕೇಳಿರಲಿಲ್ಲ. "ಹೌದು. ಮೊದಲನೇದು ಆಸೆ. ಎರಡನೇದು ಸುಸ್ತು."

"ಹಾಗಾದ್ರೆ ಎರಡನೇದರ ದನಿ ಸ್ವಲ್ಪ ತಗ್ಗಿಸ್ತೀನಿ."

ಇನ್ನೊಂದು ದಿನ ಅವನು ಗೋಡೆಯ ಗಡಿಯಾರಕ್ಕೆ ಕಣ್ಣು ಕಿರಿದು ಮಾಡುವುದನ್ನು ನೋಡಿ ಅವಳು ಗದರಿದಳು. "ನಿಮಗೆ ದೂರದ್ದು ಸರಿಯಾಗಿ ಕಾಣಲ್ಲ. ಅಂಗಡಿಗೆ ಬನ್ನಿ."

"ಹತ್ತಿರದ್ದು ಕಾಣ್ತಿದೆ. ಸದ್ಯಕ್ಕೆ ಸಾಕು."

ಅವನು ಪರದೆ ನೋಡುತ್ತಲೇ ಹೇಳಿದ್ದ. ಆದರೂ ಅವಳ ಕೆನ್ನೆ ಬಿಸಿಯಾಯಿತು. ‘ಅಣ್ಣನ ಉಸಿರು ಅಳಿಸಿದವನು ಇವನು. ಇವನೆದುರು ನನಗೇಕೆ ಹೀಗೆ...’ ಮಂಗಳವಾರ, ಶುಕ್ರವಾರ ಬಂತೆಂದರೆ ಮನಸ್ಸು ಬೆಳಿಗ್ಗೆಯಿಂದಲೇ ಅಂಗಡಿಯಲ್ಲಿ ನಿಲ್ಲುತ್ತಿರಲಿಲ್ಲ. ಅದಕ್ಕಾಗಿ ತನ್ನ ಮೇಲೆ ತನಗೇ ನಾಚಿಕೆಯಾಗುತ್ತಿತ್ತು.

ಎಂಟನೇ ಹಾಡಿನ ದಿನ ಪೆನ್ಸಿಲ್‌ಗಾಗಿ ಮೇಜಿನ ಡ್ರಾಯರ್ ಎಳೆದಳು. ಒಳಗೊಂದು ಹಾರ್ಡ್ ಡಿಸ್ಕ್. ಮೇಲೆ ಅವನದೇ ಅಕ್ಷರ: ‘ಗಾಯಕ, ಮೂಲ, ೧ರಿಂದ ೯.’

ಹೊರಗಿಂದ ಬಂದ ಮೌನಿ ಬಾಗಿಲಲ್ಲೇ ನಿಂತ.

"ಅಳಿಸಿದೀನಿ ಅಂದಿದ್ರಿ."

"ಹೌದು."

"ಸುಳ್ಳು."

"...ಹೌದು." ಮೆಲ್ಲಗೆ ಬಂದು ಡಿಸ್ಕನ್ನು ಅವಳ ಕೈಯಿಂದ ತೆಗೆದುಕೊಂಡ. "ಇದನ್ನ ಕೇಳಬೇಡಿ."

"ನನ್ನಣ್ಣನ ದನಿ ನನ್ನಿಂದ ಬಚ್ಚಿಡೋಕೆ ನೀವ್ಯಾರು?"

ಅವನು ಡಿಸ್ಕನ್ನು ಡ್ರಾಯರಿಗೆ ಹಾಕಿ ಮುಚ್ಚಿದ. ನಂಬಿಕೆ ಚಿಗುರುತ್ತಿದ್ದ ಜಾಗಕ್ಕೇ ಬಿಸಿನೀರು ಸುರಿದಂತಾಯಿತು.

"ಈ ಆಲ್ಬಮ್ ಹೊರಗೆ ಬರಲ್ಲ. ನಾನೂ ಇಲ್ಲಿಗೆ ಬರಲ್ಲ."

ಮನೆಯಲ್ಲಿ ಅಮ್ಮ ಅಣ್ಣನ ಅಂಗಿಗಳನ್ನು ಮಡಚುತ್ತಿದ್ದಳು. ಮಗಳು ಬಿಕ್ಕುತ್ತ ಎಲ್ಲ ಹೇಳಿದಾಗ ಅಮ್ಮನ ಕೈ ನಿಂತಿತು.

"ಆ ಹುಡುಗನ ತಪ್ಪಿಲ್ಲ ಮಗಳೇ. ಹಾಡೋಕೆ ನಿನ್ನಣ್ಣನ್ನ ದಿನಾ ಕರ್ಕೊಂಡು ಹೋಗ್ತಿದ್ದವಳು ನಾನೇ."

"ನೀನಾ? ಆಸ್ಪತ್ರೆಗೆ ಅಂತಿದ್ದೆ..."

"ಅರ್ಧ ಸಾಲು ಹಾಡೋನು. ಕೆಮ್ಮೋನು. ಆ ಸೋಫಾ ಮೇಲೆ ಮಲಗೋನು. ಮತ್ತೆ ಎದ್ದು ಇನ್ನರ್ಧ. ಆ ಹುಡುಗ ಏದುಸಿರು ತೆಗೆದು, ಚೂರು ಚೂರು ಕೂಡಿಸಿ ಇಡೀ ಹಾಡು ಮಾಡ್ದ."

"ನನಗೆ ಹೇಳಿದ್ರೆ ಸಾಲು ಗಿಡ್ಡ ಮಾಡ್ತಿದ್ನಲ್ಲಮ್ಮಾ..."

"ಅದಕ್ಕೇ ಹೇಳಲಿಲ್ಲ. ‘ಅವಳ ಸಾಲು ಉದ್ದ ಇದ್ರೇನೇ ಚೆಂದ. ನನ್ನ ಉಸಿರು ಗಿಡ್ಡ ಆಯ್ತು ಅಂತ ಅವಳ್ಯಾಕೆ ಕತ್ತರಿಸಬೇಕು’ ಅಂದ. ತಂಗಿಗೆ ಗೊತ್ತಾಗಬಾರದು ಅಂತ ಆ ಹುಡುಗನ ಹತ್ರ ಮಾತು ತಗೊಂಡ. ನನ್ನ ಹತ್ರಾನೂ." ಅಮ್ಮ ಮಡಚಿದ ಅಂಗಿಯನ್ನು ಎದೆಗೊತ್ತಿಕೊಂಡಳು. "ನಿನ್ನ ಕಣ್ಣೀರು ನೋಡಿ ನಾನು ಮಾತು ಮುರಿದೆ. ಆ ಹುಡುಗ ಮುರೀಲಿಲ್ಲ."

ಮರುದಿನ ಅವಳು ಅಂಗಡಿಗೆ ರಜೆ ಹೇಳಿ ಸ್ಟುಡಿಯೋಗೆ ಹೋದಳು. ಮೌನಿ ನೆಲದಲ್ಲಿ ಕುಳಿತು ವೈರುಗಳನ್ನು ಸುತ್ತುತ್ತಿದ್ದ. ನಿದ್ದೆ ಕಾಣದ ಮುಖ.

"ಅಮ್ಮ ಎಲ್ಲಾ ಹೇಳಿದ್ಳು."

ಅವನ ಕೈಯಿಂದ ವೈರು ಜಾರಿತು.

"ಇಷ್ಟು ದಿನ ಬೈಸ್ಕೊಂಡು ಕೂತಿದ್ರಲ್ಲ... ಒಂದು ಮಾತು ಹೇಳಬಾರದಿತ್ತಾ?"

"ಬೈಗುಳ ತಡ್ಕೋಬಹುದು. ಸತ್ಯ ಗೊತ್ತಾಗಿ ನೀವು ಇನ್ನು ಬರೆಯೋದನ್ನೇ ಬಿಟ್ರೆ, ಅದನ್ನ ತಡ್ಕೊಳ್ಳೋಕೆ ಆಗ್ತಿರಲಿಲ್ಲ."

ಅವಳು ಒಂದೇ ಒಂದು ಹಾಡಿನ ಮೂಲ ಕೇಳಿಸಿಕೊಂಡಳು, ಒಂಬತ್ತನೆಯದು. ಕೆಮ್ಮು. ಲೋಟ ಇಟ್ಟ ಸದ್ದು. "ಇನ್ನೊಂದ್ಸಲ ಮೌನಿ" ಎನ್ನುವ ಅಣ್ಣನ ನಗು. ಮತ್ತೆ ಕೆಮ್ಮು. ಮುಗಿಯುವವರೆಗೂ ಅವಳು ಮೌನಿಯ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು. ಈ ಸಲ ಅವನು ಎದ್ದು ಹೊರಗೆ ಹೋಗಲಿಲ್ಲ.

"ಅಣ್ಣ ಹೇಗೆ ಬೇಕು ಅಂದ್ನೋ ಹಾಗೇ ಬಿಡುಗಡೆ ಮಾಡಿ," ಎಂದಳು.

ಆಲ್ಬಮ್ ಹೊರಬಂತು. ಕೇಳಿದವರು ಕಡಿಮೆ, ಕೇಳಿದವರು ಮರೆಯಲಿಲ್ಲ. ಬ್ಯಾಂಡಿನವರು ಬೇರೆ ಗಾಯಕನನ್ನು ಹುಡುಕಲಿಲ್ಲ. ಗುಡುಗು ಡ್ರಮ್ಮುಗಳಿಗೆ ಬಟ್ಟೆ ಹೊದಿಸಿ ಮನೆಗೆ ಸಾಗಿಸಿದ. ಅವರ ಮೊದಲ ಆಲ್ಬಮ್ಮೇ ಕೊನೆಯದೂ ಆಯಿತು.

ಡ್ರಮ್ಮುಗಳು ಹೋದ ಸಂಜೆ ಖಾಲಿ ಕೋಣೆಯಲ್ಲಿ ಅವರಿಬ್ಬರೇ ಉಳಿದರು.

"ಇನ್ನು ನಿಮಗೆ ಇಲ್ಲಿ ಕೆಲಸ ಇಲ್ಲ," ಎಂದ ಮೌನಿ. ಉಳಿದ ವೈರು ಸುತ್ತುತ್ತ, "ಇನ್ನೊಂದು ಸುಳ್ಳು ಹೇಳಿದ್ದೆ," ಎಂದ.

"ಏನು?"

"ಒಂಬತ್ತೂ ಹಾಡಿನ ಕೊನೇ ಕೆಲಸ, ನಾವು ಐದನೇದು ನೋಡ್ತಿದ್ದ ಹೊತ್ತಿಗೇ ಪೂರ್ತಿ ಮುಗಿದಿತ್ತು. ಇನ್ನೂ ಬಾಕಿ ಇದೆ ಅಂತ ಹೇಳ್ತಾ ಬಂದೆ. ನೀವು ಬರೋದು ನಿಲ್ಲುತ್ತೆ ಅಂತ... ಆ ಮೊದಲನೇ ಸುಳ್ಳು ನಿಮ್ಮಣ್ಣನಿಗೋಸ್ಕರ. ಇದೊಂದು ಮಾತ್ರ ನನಗೋಸ್ಕರ."

ಎಷ್ಟೋ ದಿನಗಳ ಮೇಲೆ ಅವಳಿಗೆ ನಗು ಬಂತು. ಜೊತೆಗೆ ಕಣ್ಣೀರೂ.

"ಅಮ್ಮ ನಿಮ್ಮನ್ನ ಊಟಕ್ಕೆ ಕರೆದಿದಾಳೆ."

"ಅಮ್ಮ ಮಾತ್ರನಾ?"

"ಅಮ್ಮ ಫೋನಲ್ಲಿ ಕರೀತೀನಿ ಅಂದ್ಳು. ಬೇಡ, ನಾನೇ ಹೋಗಿ ಕರ್ಕೊಂಡು ಬರ್ತೀನಿ ಅಂದೆ. ಏಳಿ, ಹೋಗೋಣ."