ಕರಿಕಂಬಳಿಯೊಳಗಿನ ಅಣ್ಣ

ತಮಿಳುನಾಡಿನ ಕಣಿವೆಯೂರು ಕಂಬಂನ ಹಳೆಯ ಥಿಯೇಟರಿಗೆ ಅಂದು ಮ್ಯಾಟಿನಿಗೆ ಬಂದವರನ್ನೆಲ್ಲ ಒಂದು ಶೇರ್ ಆಟೋದಲ್ಲಿ ಕೂರಿಸಿ ಮನೆಗೆ ಕಳಿಸಬಹುದಿತ್ತು. 'ಕರಿಕಂಬಳಿ' ಎಂಟನೇ ಭಾಗ ನಡೆದಿತ್ತು. ಪರದೆಯ ಮೇಲೆ ಮಂಜು ಮುಸುಕಿದ ಬಂಗಲೆ, ಅದರ ಬಾಗಿಲಲ್ಲಿ ತಲೆಯಿಂದ ಮೊಣಕಾಲಿನವರೆಗೆ ಕರಿ ಕಂಬಳಿ ಹೊದ್ದ ಕೊಲೆಗಾರ, ಕೈಯಲ್ಲಿ ಕುಡುಗೋಲು. ಮುಂದಿನ ಸಾಲಿನ ಹುಡುಗರಿಗೆ ನಗು ತಡೆಯಲಾಗುತ್ತಿರಲಿಲ್ಲ. ಇವನು ಕೊಲ್ಲಲು ಬಂದಿದ್ದಾನೋ ಕಂಬಳಿ ಮಾರಲು ಬಂದಿದ್ದಾನೋ ಎಂದು ಒಬ್ಬ ಕೇಳಿದ.

ಹಿಂದಿನ ಸಾಲಿನಲ್ಲಿ ಟವೆಲನ್ನು ಕಿವಿಯ ತನಕ ಸುತ್ತಿಕೊಂಡು ಕೂತಿದ್ದ ಜೀವಾ ಕುರ್ಚಿಯೊಳಗೆ ಇನ್ನಷ್ಟು ಇಳಿದ. ಕಂಬಳಿಯೊಳಗಿದ್ದವನು ಅವನೇ. ಹಳೆಯ ನಟ ಬಿಟ್ಟುಹೋದ ಮೇಲೆ, ಆರನೇ ಭಾಗದಿಂದ ಆ ಮುಖವಿಲ್ಲದ, ಮಾತಿಲ್ಲದ ಪಾತ್ರ ಇವನ ಪಾಲಿಗೆ ಬಂದಿತ್ತು. ಶೂಟಿಂಗ್ ಇಲ್ಲದಾಗ ಕಂಬಂನಿಂದ ದಿಂಡಿಗಲ್ಲಿಗೆ ದ್ರಾಕ್ಷಿ ಲೋಡಿನ ವ್ಯಾನ್ ಓಡಿಸುತ್ತಿದ್ದ. ಜನ ಹೇಗೆ ನೋಡುತ್ತಾರೆಂದು ಕದ್ದು ನೋಡಲು ಬಂದವನಿಗೆ ಉತ್ತರ ಸಿಕ್ಕಿತ್ತು. ಒಂಬತ್ತನೇ ಭಾಗಕ್ಕೆ ಕರೆದಿದ್ದಾರೆ, ಒಲ್ಲೆ ಎಂದುಬಿಡಬೇಕು ಎಂದುಕೊಂಡ.

ಅಷ್ಟರಲ್ಲಿ ಅದೇ ಸಾಲಿನ ತುದಿಯಿಂದ ಒಂದು ಹೆಣ್ಣು ದನಿ ತಮಿಳಿನಲ್ಲಿ ಎದ್ದಿತು. ನಗುವುದಾದರೆ ಕತೆಗೆ ನಗಿ, ಆ ಮನುಷ್ಯನ ನಡಿಗೆಯನ್ನು ಮಾತ್ರ ಕಣ್ಣುಬಿಟ್ಟು ನೋಡಿ ಎಂದಿತು. ಹುಡುಗರು ಸುಮ್ಮನಾದರು. ಜೀವಾ ಕತ್ತಲಲ್ಲಿ ಕತ್ತು ತಿರುಗಿಸಿದ. ಪರದೆಯ ನೀಲಿ ಬೆಳಕು ಅವಳ ಮೂಗುತಿಯ ಮೇಲೆ ಒಮ್ಮೆ ಕೂತು ಎದ್ದುಹೋಯಿತು.

ಇಂಟರ್ವಲ್ಲಿನಲ್ಲಿ ಅವಳು ಫೋನಿನಲ್ಲಿ ಅಜ್ಜಿಗೆ ಒಲೆ ಮೇಲಿನ ಹಾಲಿನ ಬಗ್ಗೆ ಬುದ್ಧಿ ಹೇಳುತ್ತಿದ್ದಳು. ಅದು ತಲೆಮಾರುಗಳಿಂದ ಅಲ್ಲೇ ನೆಲೆಸಿದವರು ಮನೆಯೊಳಗೆ ಉಳಿಸಿಕೊಂಡ ಕನ್ನಡ. ಅವನಿಗೆ ಅರಿವಿಲ್ಲದೆ ನಗು ಬಂತು. ಅವಳು ಅದನ್ನು ಹಿಡಿದಳು.

"ನೀವೂ ನಮ್ಮ ಮಾತಿನೋರಾ?"

ಹೌದೆಂದ. ಅಷ್ಟೇ ಸಾಕಾಯಿತು. ಅವಳ ಹೆಸರು ಮುತ್ತುಸೆಲ್ವಿ, ಬಸ್ ಸ್ಟ್ಯಾಂಡ್ ಹತ್ತಿರ ಬ್ಲೌಸ್ ಹೊಲಿಯುವ ಅಂಗಡಿ. ಮೊದಲನೇ 'ಕರಿಕಂಬಳಿ'ಯನ್ನು ಅಮ್ಮನ ಸೆರಗಿನ ಸಂದಿಯಿಂದ ನೋಡಿದವಳು. ಆಗ ಆ ಕಂಬಳಿ ನಿಜವಾದ ಉಣ್ಣೆಯದು, ಒದ್ದೆಯಾದರೆ ವಾಸನೆ ನಮಗೂ ಬಡಿಯುವಂತಿತ್ತು ಎಂದಳು. ಕೊಲೆಗಾರ ಓಡುತ್ತಿರಲಿಲ್ಲ, ಏಕೆ ಕೊಲ್ಲುತ್ತಾನೆಂದು ಯಾರೂ ಹೇಳುತ್ತಿರಲಿಲ್ಲ. ಐದನೆಯದರಲ್ಲಿ ಅವನ ಬಾಲ್ಯದ ಕತೆ ಹೇಳಿ ಕೆಡಿಸಿದರು. ಏಳನೆಯದರಲ್ಲಿ ಮಲೇಷ್ಯಾಕ್ಕೆ ಕಳಿಸಿದರು, ಆ ಸೆಕೆಯಲ್ಲಿ ಕಂಬಳಿ ಹೊದೆಸಿ. ಈಗ ನೋಡಿದರೆ ಕೊಲೆಗಾರನಿಗೊಬ್ಬ ಅವಳಿ ತಮ್ಮ.

"ಮತ್ಯಾಕೆ ಬತ್ತೀರಿ?" ಎಂದ ಜೀವಾ.

"ಸಾಕಿದ ಎತ್ತು ಮುದಿಯಾತು ಅಂತ ಕೊಟ್ಟಿಗೆಗೆ ಹೋಗದೆ ಇರ್ತೀವಾ?" ಎಂದಳು. ಮತ್ತೆ ಪರದೆಯತ್ತ ಕೈ ತೋರಿಸಿ, "ಆರನೇ ಭಾಗದಿಂದ ಕಂಬಳಿ ಒಳಗೆ ಬೇರೆ ಆಳು. ಯಾರೋ ಕಾಣೆ. ಬಾಗಿಲು ಒಡೆಯೋ ಮುಂದೆ ಒಂದು ಗಳಿಗೆ ನಿಂತ್ಕೋತಾನೆ, ಒಳಗಿರೋರಿಗೆ ನಿದ್ದೆ ಕೆಡ್ತದೇನೋ ಅನ್ನೋ ಹಂಗೆ. ಮೈಯೆಲ್ಲ ಜುಂ ಅಂತದೆ. ಕೆಟ್ಟ ಸಿನಿಮಾದೊಳಗೆ ಅವನೊಬ್ಬ ಕೆಡದೆ ಉಳ್ಕೊಂಡವ್ನೆ."

ಜೀವಾ ಟವೆಲನ್ನು ಕಿವಿಯಿಂದ ಕೆಳಗೆ ಸರಿಸಿದ. ನಾನೇ ಎನ್ನಬೇಕು ಎಂದು ಬಾಯಿ ತೆರೆದ. ಅಷ್ಟರಲ್ಲಿ ಮುಂದಿನ ಸಾಲಿನವನೊಬ್ಬ ಕರ್ಚೀಫನ್ನು ತಲೆಗೆ ಹಾಕಿಕೊಂಡು ಕರಿಕಂಬಳಿಯಂತೆ ತೂರಾಡುತ್ತ ನಡೆದು ತೋರಿಸಿದ. ಎಲ್ಲರೂ ನಕ್ಕರು. ತೆರೆದ ಬಾಯಿ ಮುಚ್ಚಿತು.

ಆಗ ಅವಳು ಕೇಳಬೇಕಾದ್ದನ್ನು ಕೇಳಿದಳು. ಆ ಕಣಿವೆಯಲ್ಲಿ ಎರಡು ಕನ್ನಡದ ನಾಲಿಗೆಗಳು ಸಂಧಿಸಿದರೆ ಊರು ಯಾವುದು, ಕುಲ ಯಾವುದು ಎಂಬುದೇ ಮೊದಲ ಮಾತು. ಒಂದೇ ಕುಲವಾದರೆ ಅಣ್ಣ ತಂಗಿ. ಬೇರೆಯಾದರೆ ಹೆಣ್ಣು ತರುವ, ಕೊಡುವ ಸಂಬಂಧ. ಜೀವಾನ ಊರು ಆಂಡಿಪಟ್ಟಿಯ ಕಡೆಯದು. ಅಲ್ಲಿನ ಹೊಂಗೆ ಕುಲದ ಹುಡುಗನೊಬ್ಬ ಕಂಬಳಿ ಹೊದ್ದು ಸಿನಿಮಾದಲ್ಲಿ ಕುಣಿಯುತ್ತಾನೆಂದು ಆ ಕಡೆಯವರಿಗೆಲ್ಲ ಗೊತ್ತು. ಊರ ಹೆಸರೆತ್ತಿದರೆ, ಅವಳು ಯಾರನ್ನಾದರೂ ವಿಚಾರಿಸಿದರೆ ಸಾಕು, ಸಿಕ್ಕಿಬೀಳುತ್ತಾನೆ. ಹಾಗಾಗಿ ಗಾಬರಿಯಲ್ಲಿ ತಾಯಿಯ ತವರನ್ನು ಎತ್ತಿ ತನ್ನ ಮೇಲೆ ಹೊದ್ದುಕೊಂಡ. ಹೆಸರು ಕಣ್ಣನ್, ನಿಲಕ್ಕೋಟ್ಟೈ ಕಡೆ, ತುಂಬೆ ಕುಲ ಎಂದ.

ಮುತ್ತುಸೆಲ್ವಿಯ ಮುಖದಲ್ಲಿ ಉರಿಯುತ್ತಿದ್ದದ್ದೇನೋ ಸಣ್ಣಗಾಯಿತು.

"ನಾವೂ ತುಂಬೆ ಕುಲವೇ. ಹಂಗಾದ್ರೆ ನೀವು ಅಣ್ಣ," ಎಂದಳು.

ಅಂದಿನಿಂದ ದ್ರಾಕ್ಷಿ ಲೋಡು ಇರಲಿ, ಬಿಡಲಿ, ವ್ಯಾನು ಕಂಬಂನಲ್ಲಿ ನಿಲ್ಲತೊಡಗಿತು. ಅವಳಿಗೆ ಒಡಹುಟ್ಟಿದವರಿಲ್ಲ, ತಂದೆ ತಾಯಿ ತೀರಿಕೊಂಡಿದ್ದರು. ಅಜ್ಜಿ ಮೂಕಮ್ಮಾಳ್‌ಗೆ ಕುಲದ ಮೊಮ್ಮಗನೊಬ್ಬ ಸಿಕ್ಕಿದ್ದೇ ಹಬ್ಬವಾಯಿತು. ಅವನ ಎಲೆಗೆ ಹುರುಳಿ ಸಾರನ್ನು ಬೇಡವೆಂದರೂ ಸುರಿದಳು. ಆ ಸಾರು ಪ್ರತಿ ತುತ್ತಿಗೂ ಅವನ ಗಂಟಲಲ್ಲಿ ಕೂತು ನೀನು ಸುಳ್ಳುಗಾರ ಎನ್ನುತ್ತಿತ್ತು.

ಸಂಜೆ ದ್ರಾಕ್ಷಿ ಚಪ್ಪರದ ಕೆಳಗೆ ಎಲೆಗಳ ಸಂದಿಯಿಂದ ಬಿಸಿಲು ಚುಕ್ಕೆಚುಕ್ಕೆಯಾಗಿ ಇಳಿಯುವಾಗ ಇಬ್ಬರೂ ಕೆಟ್ಟ ಸಿನಿಮಾಗಳ ಬಗ್ಗೆ ಮಾತಾಡುತ್ತಿದ್ದರು. ಅವಳು ಒಂದೊಂದು ಭಾಗದಲ್ಲೂ ಮೆಚ್ಚಲು ಏನನ್ನಾದರೂ ಹುಡುಕಿ ಇಟ್ಟಿದ್ದಳು. ಐದನೆಯದರಲ್ಲಿ ಬಾವಿಕಟ್ಟೆಯ ಮೇಲೆ ಬಿಟ್ಟ ಒಂಟಿ ಚಪ್ಪಲಿ, ಏಳನೆಯದರಲ್ಲಿ ಲಿಫ್ಟಿನ ಕನ್ನಡಿ. ಇಷ್ಟು ಪ್ರೀತಿಯಿಂದ ತನ್ನ ಸೋಲನ್ನು ಯಾರಾದರೂ ನೋಡಿಯಾರೆಂದು ಅವನು ಎಣಿಸಿಯೇ ಇರಲಿಲ್ಲ.

ಒಂದು ದಿನ ಅವನಿಗೆ ಷರ್ಟು ಹೊಲಿದುಕೊಡುತ್ತೇನೆಂದು ಟೇಪು ಹಿಡಿದಳು. ತೋಳು ಅಳೆದಳು. ಭುಜದ ಹತ್ತಿರ ಬಂದ ಕೈ ಅಲ್ಲೇ ನಿಂತಿತು. ಕಿವಿಯ ತುದಿ ಕೆಂಪಾಯಿತು.

"ನೀವೇ ಒಸಿ ಹಿಡ್ಕೊಳ್ಳಿ," ಎಂದು ಟೇಪಿನ ತುದಿಯನ್ನು ಅವನ ಕೈಗೆ ಕೊಟ್ಟಳು. ಅಣ್ಣ ಎನ್ನುವುದನ್ನು ಮರೆತಿದ್ದಳು. ಮರೆತದ್ದು ನೆನಪಾಗಿ, ದಾರದ ಡಬ್ಬಿಯಲ್ಲಿ ಇಲ್ಲದ ಬಣ್ಣವನ್ನು ಬಹಳ ಹೊತ್ತು ಹುಡುಕಿದಳು.

ಸಂಕಟ ಬಂದದ್ದು ಅಜ್ಜಿಯ ಬಾಯಿಂದ. ದಿಂಡಿಗಲ್ಲಿನಿಂದ ಗಂಡಿನ ಕಡೆಯವರು ಶುಕ್ರವಾರ ಬರುತ್ತಾರೆ, ಮನೆಯಲ್ಲಿ ಗಂಡು ದಿಕ್ಕಿಲ್ಲ, ಅಣ್ಣನ ಸ್ಥಾನದಲ್ಲಿ ನಿಂತು ನೀನೇ ತಾಂಬೂಲ ಕೊಡಬೇಕು ಎಂದಳು. ಹಾಗೆ ತಾಂಬೂಲ ಕೊಟ್ಟ ಕೈ ಬದುಕಿರುವ ತನಕ ಅಣ್ಣನ ಕೈ. ಆಮೇಲೆ ಸತ್ಯ ಹೇಳಿದರೂ ಅದು ಮರಳದು. ಮುತ್ತುಸೆಲ್ವಿ ಒಲೆಯ ಕಡೆ ಮುಖ ಮಾಡಿ ಕೂತಿದ್ದಳು.

ಶುಕ್ರವಾರ ಗಂಡಿನ ಕಡೆಯವರು ತೇನಿ ದಾಟಿದರೆಂದು ಫೋನ್ ಬಂತು. ಮೂಕಮ್ಮಾಳ್ ವೀಳ್ಯದೆಲೆಯ ತಟ್ಟೆಯನ್ನು ಜೀವಾನ ಕೈಗಿಟ್ಟಳು. ಒಳಗಿನ ಬಾಗಿಲಲ್ಲಿ ಮುತ್ತುಸೆಲ್ವಿ, ಪಚ್ಚೆ ಸೀರೆ, ತಲೆ ತುಂಬ ಮಲ್ಲಿಗೆ. ಅವಳು ಅವನನ್ನು ನೋಡಿದಳು. ಬೇಡುವ ಕಣ್ಣಲ್ಲ, ಬೈಯುವ ಕಣ್ಣೂ ಅಲ್ಲ. ಬಿಟ್ಟುಹೋಗುವ ಊರನ್ನು ಬಸ್ಸಿನ ಕಿಟಕಿಯಿಂದ ನೋಡುವ ಕಣ್ಣು.

ಜೀವಾ ತಟ್ಟೆಯನ್ನು ನೆಲಕ್ಕಿಟ್ಟ.

"ಅಜ್ಜಿ, ಇದ ನಾನು ಕೊಡಕ್ಕಾಗಲ್ಲ. ನಾನು ತುಂಬೆ ಕುಲದೋನಲ್ಲ. ನಮ್ಮವ್ವ ಆ ಕುಲದೋಳು, ನಿಲಕ್ಕೋಟ್ಟೈ ಪಾಪಮ್ಮಾಳ್. ನಾನು ಆಂಡಿಪಟ್ಟಿ ಕಡೆ ಹೊಂಗೆ ಕುಲ. ಹೆಸರು ಜೀವಾ." ಉಸಿರು ತೆಗೆದುಕೊಂಡು ಮುತ್ತುಸೆಲ್ವಿಯ ಕಡೆ ತಿರುಗಿದ. "ಕಂಬಳಿ ಒಳಗಿರೋ ಆಳು ಯಾರೋ ಕಾಣೆ ಅಂದ್ರಲ್ಲ. ನಾನೇ. ಎಲ್ರೂ ನಗ್ತಿದ್ರು, ನಾಚ್ಕೊಂಡು ಸುಳ್ಳು ಯೋಳ್ಬಿಟ್ಟೆ."

ಮೂಕಮ್ಮಾಳ್ ಅವನನ್ನು ಬಿಡಲಿಲ್ಲ. ಕುಡುಗೋಲು ಹಿಡಿದ ಕಳ್ಳನನ್ನು ಕಂಡಿದ್ದೇನೆ, ಕುಲ ಕದ್ದ ಕಳ್ಳನನ್ನು ಇದೇ ಮೊದಲು ಕಂಡದ್ದು, ನನ್ನ ಸಾರನ್ನು ಯಾವ ಬಾಯಲ್ಲಿ ಉಂಡೆ ಎಂದು ಕೇಳಿದಳು. ಅವನು ತಲೆ ತಗ್ಗಿಸಿ ಎಲ್ಲಕ್ಕೂ ಹೌದೆಂದ. ಬೈಯುತ್ತ ಬೈಯುತ್ತ ಮುದುಕಿಯ ಮಾತು ನಡುವೆ ನಿಂತಿತು. ಅವಳ ಬೆರಳುಗಳು ತಾವಾಗಿಯೇ ಸಂಬಂಧದ ಲೆಕ್ಕ ಹಾಕತೊಡಗಿದ್ದವು. ತುಂಬೆ ಕುಲದ ಹೆಣ್ಣಿನ ಮಗ. ಅಂದರೆ ಈ ಮನೆಗೆ ಅವನು ಅತ್ತೆಯ ಮಗ. ಅಂಥವನು ಕೇಳಿದರೆ ಬೇರೆ ಯಾರೂ ಹೆಣ್ಣು ಕೇಳುವಂತಿಲ್ಲ.

"ಕೇಳ್ತೀಯೇನೋ?" ಎಂದಳು ಗಡುಸಾಗಿ.

"ಕೇಳ್ತೀನಿ ಅಜ್ಜಿ. ಆದ್ರೆ ಅವರು ಒಪ್ಪಿದ್ರೆ."

ಇಬ್ಬರೂ ಮುತ್ತುಸೆಲ್ವಿಯನ್ನು ನೋಡಿದರು. ಅವಳ ಮೂಗಿನ ತುದಿ ಕೆಂಪಾಗಿತ್ತು, ಕಣ್ಣು ತುಂಬಿತ್ತು, ಸಿಟ್ಟೋ ಸಂತೋಷವೋ ಅವಳಿಗೇ ತಿಳಿದಿರಲಿಲ್ಲ. ಒಬ್ಬನನ್ನು ಅಣ್ಣಾ ಎಂದು ಕರೆದು, ಹಾಗೆ ಕರೆದ ನಾಲಿಗೆಯನ್ನು ದಿನಾ ಶಪಿಸಿ, ಇಂಥ ಮನಸ್ಸು ನನಗೇಕೆ ಬಂತೆಂದು ಅತ್ತದ್ದೆಲ್ಲ ಒಂದು ಸುಳ್ಳಿಗಾಗಿ. ಅದನ್ನೇ ಅವನಿಗೆ ಹೇಳಿದಳು, ದನಿ ಏರಿಸದೆ. ಅವನ ತಲೆ ಇನ್ನಷ್ಟು ತಗ್ಗಿತು.

ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ದಿಂಡಿಗಲ್‌ನೋರಿಗೆ ಫೋನ್ ಮಾಡಜ್ಜಿ," ಎಂದಳು. "ಅತ್ತೆ ಮಗ ಅವ್ನೆ ಅಂತ ಯೋಳು."

ಮೂಕಮ್ಮಾಳ್ ಫೋನ್ ಹಿಡಿದು ಹಿತ್ತಿಲಿಗೆ ಹೋದಳು. ಆಚೆ ಕಡೆಯವರೂ ಅದೇ ಕಟ್ಟಳೆಯವರು. ಮೊದಲೇ ಹೇಳಬಾರದಿತ್ತೇ ಎಂದು ಗೊಣಗಿದರೇ ಹೊರತು ಜಗಳಕ್ಕೆ ಬರಲಿಲ್ಲ.

ನಡುಮನೆಯಲ್ಲಿ ಇಬ್ಬರೇ ಉಳಿದರು. ಮಲ್ಲಿಗೆಯ ವಾಸನೆ ಮಾತಿಗಿಂತ ಮೊದಲು ಅವನನ್ನು ಮುಟ್ಟಿತು. ಏನಾದರೂ ಹೇಳಬೇಕೆಂದು, ಒಂಬತ್ತನೇ ಭಾಗಕ್ಕೆ ಕರೆದಿದ್ದಾರೆ, ಬೇಡವೆನ್ನಬೇಕೆಂದಿದ್ದೇನೆ ಎಂದ. ಈ ಸಲ ಕರಿಕಂಬಳಿಗೆ ಮದುವೆಯಂತೆ, ಕುದುರೆಯ ಮೇಲೆ ಮೆರವಣಿಗೆಯಂತೆ.

ಮುತ್ತುಸೆಲ್ವಿ ನಗಲಿಲ್ಲ. ಹತ್ತಿರ ಬಂದು ಅವನ ಷರ್ಟಿನ ಭುಜದ ಹೊಲಿಗೆಯನ್ನು ಬೆರಳಿನಿಂದ ಸರಿಮಾಡಿದಳು. ಈ ಸಲ ಕೈ ನಡುವೆ ನಿಲ್ಲಲಿಲ್ಲ.

"ಹೋಗಿ ಮಾಡಿ ಬಾವಾ," ಎಂದಳು. "ಎಷ್ಟು ಕೆಟ್ಟದಾಗಾದ್ರೂ ತೆಗೀಲಿ. ಮೊದಲ್ನೇ ಆಟಕ್ಕೆ ನಾನಿರ್ತೀನಿ."