ಅವರು ನಿಮಗೇನಾಗಬೇಕು?

"ಅದನ್ನ ಮುಟ್ಟಬೇಡಿ!"

ಒಡೆಸ್ಸಾಳ ಕೂಗಿಗೆ ಕೋಣೆಯಲ್ಲಿ ಸಾಲಾಗಿ ಕೂತಿದ್ದವರೆಲ್ಲ ತಲೆಯೆತ್ತಿದರು.

ಮೇಜಿನಾಚೆ ಕೂತಿದ್ದ ವಕೀಲ ಏಮಸ್ ಕಿಂಬ್ರೋನ ಕೈ ಗಾಳಿಯಲ್ಲೇ ನಿಂತಿತು. ಅವನ ಮುಂದೆ ದಿನಸಿ ಅಂಗಡಿಯ ಪ್ಲಾಸ್ಟಿಕ್ ಚೀಲ, ಅದರಿಂದ ಸುರಿದ ಲಕೋಟೆಗಳ ರಾಶಿ. ತಂದಾಗ ಒಂದನ್ನೂ ಯಾರೂ ಒಡೆದಿರಲಿಲ್ಲ. ಅರ್ಧ ಗಂಟೆಯಿಂದ ಅವನು ಒಂದೊಂದಾಗಿ ಒಡೆದು, ಅಂಚೆ ಮುದ್ರೆಯ ತಾರೀಕು ನೋಡಿ ಜೋಡಿಸುತ್ತ ಬಂದಿದ್ದ. ಈಗ ಕೈಯಲ್ಲಿದ್ದುದು ಒಂದು ನೀಲಿ ಲಕೋಟೆ.

ಮೆಂಫಿಸ್ ನಗರದ ದಿವಾಳಿ ನ್ಯಾಯಾಲಯದ ಎರಡನೆಯ ಮಹಡಿಯಲ್ಲಿ ಪ್ರತಿ ಗುರುವಾರ ಈ ಉಚಿತ ನೆರವಿನ ಮೇಜು. ವಕೀಲರಿಗೆ ಕೊಡಲು ಕಾಸಿಲ್ಲದೆ, ತಮ್ಮ ದಿವಾಳಿ ಅರ್ಜಿಯನ್ನು ತಾವೇ ಹಾಕಿಕೊಳ್ಳುವವರಿಗಾಗಿ. ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಹೀಗೆ ಚೀಲ ಹಿಡಿದೇ ಬರುತ್ತಾರೆ. ಒಡೆಯದ ಪತ್ರದೊಳಗಿನ ಸಾಲ ಇನ್ನೂ ನಿಜವಾಗಿಲ್ಲ ಎಂಬ ನಂಬಿಕೆ ಅವರದು.

"ಮ್ಯಾಮ್, ಎಲ್ಲಾನೂ ಒಡೀಲೇಬೇಕು. ಪಟ್ಟಿಯಲ್ಲಿ ಒಂದು ಬಿಟ್ಟೋದ್ರೆ ಆ ಸಾಲ ನಿಮ್ಮ ತಲೆ ಮೇಲೇ ಉಳ್ಕೋಬಹುದು."

"ಉಳ್ಕೊಳ್ಳಲಿ! ಅದು ಆಸ್ಪತ್ರೆಯಿಂದ ಬಂದದ್ದು... ನನ್ನ ಗಂಡನ ಕೊನೇ ದಿನದ್ದು."

ಏಮಸ್ ಅವಳ ಮುಖ ನೋಡಿದ. ಮೂವತ್ತೇಳು ಮೂವತ್ತೆಂಟರ ಹೆಣ್ಣು. ಶಾಲೆಯ ಅಡುಗೆಮನೆಯ ಬಿಳಿ ಅಂಗಿಯನ್ನು ಬದಲಿಸದೆ ಬಂದಿದ್ದಳು. ಬಂದಾಗಿನಿಂದ ಕುರ್ಚಿಯಲ್ಲಿ ಕೂತೇ ಇರಲಿಲ್ಲ.

ಅವನು ಅವಳಿಗೆ ಕಾಣದ ಹಾಗೆ ಪಕ್ಕಕ್ಕೆ ತಿರುಗಿ ಲಕೋಟೆ ಒಡೆದ. ಮೌನವಾಗಿ ಓದಿದ. ಪಟ್ಟಿಯಲ್ಲಿ ಪೆನ್ಸಿಲಿನಿಂದ ಒಂದು ಸಾಲು ಬರೆದ. ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಚಿ ಒಳಗಿಟ್ಟು, ಬಾಯಿಗೆ ಟೇಪು ಅಂಟಿಸಿ, ಅವಳ ಕಡೆಗೆ ಸರಿಸಿದ.

"ನಾನು ಓದಿದೀನಿ. ನೀವು ಓದಬೇಕಾಗಿಲ್ಲ."

ಒಡೆಸ್ಸಾ ಆಗ ಕೂತಳು. ಗಂಡ ವೆಂಡೆಲ್ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಅಷ್ಟು ದಿನಗಳಲ್ಲಿ ಅವಳ ಭಾರವನ್ನು ಒಂದು ನಿಮಿಷಕ್ಕಾದರೂ ಬೇರೆಯವರು ಹೊತ್ತದ್ದು ಇದೇ ಮೊದಲು.

ಹೊರಡುವ ಮುಂಚೆ ಅವನು ಒಂದು ಕಾಗದ ಮುಂದಿಟ್ಟ. "ಇದಕ್ಕೊಂದು ಸಹಿ ಬೇಕು. ನಾನು ನಿಮ್ಮ ವಕೀಲ ಅಲ್ಲ ಅಂತ. ಇಲ್ಲಿ ಸಲಹೆ ಕೊಡ್ತೀನಿ, ವಿಚಾರಣೇಲಿ ನಿಮ್ಮ ಪರ ಮಾತಾಡೋ ಹಾಗಿಲ್ಲ."

"ಅಯ್ಯೋ! ಗಂಡಸರೆಲ್ಲ ಮೊದಲ ದಿನವೇ ಹೀಗೆ ಬರೆದು ಕೊಟ್ಟುಬಿಟ್ರೆ ಹೆಂಗಸರಿಗೆ ಎಷ್ಟು ಅನುಕೂಲ!"

ಏಮಸ್ ನಕ್ಕ. ನಕ್ಕು ಎಷ್ಟೋ ಕಾಲವಾದವನ ನಗು ಅದು.

* * *

ಮುಂದಿನ ಗುರುವಾರ ಅವಳು ಪೀಚ್ ಹಣ್ಣಿನ ಸಿಹಿ ಮಾಡಿ ತಂದಳು.

"ಮೇಜಿನ ಮೇಲೆ ತಿಂಡಿ ತಗೊಳ್ಳೋ ಹಾಗಿಲ್ಲ, ಮ್ಯಾಮ್. ನಿಯಮ."

"ಹಾಗಾದ್ರೆ ಮೇಜಿನ ಕೆಳಗೆ ತಗೊಳ್ಳಿ."

ಮೂರನೆಯ ಗುರುವಾರ ಅವಳು ಬಸ್ಸಿನ ಕಿಟಕಿಯಲ್ಲಿ ತನ್ನ ಮುಖ ನೋಡಿಕೊಂಡಳು. ತುಟಿಗೆ ಬಣ್ಣ! ತಾನೇ ಹಚ್ಚಿಕೊಂಡದ್ದು, ಆದರೆ ಯಾವಾಗ ಎಂಬುದು ನೆನಪಿರಲಿಲ್ಲ. 'ನಾಚಿಕೆ ಆಗಲ್ವಾ ನಿನಗೆ... ದಿವಾಳಿ ಎದ್ದೋಳು ನೀನು' ಎಂದುಕೊಂಡು ಕೈಬೆರಳಿನಿಂದ ಒರೆಸಿದಳು. ಪೂರ್ತಿ ಒರೆಸಲಿಲ್ಲ.

ನಾಲ್ಕನೆಯ ಗುರುವಾರ ಅರ್ಜಿ ಮುಗಿಯುವುದರಲ್ಲಿತ್ತು. ಏಮಸ್ ಪ್ರಶ್ನೆಗಳನ್ನು ಓದುತ್ತಿದ್ದ, ಅವಳು ಇಲ್ಲ, ಇಲ್ಲ ಎನ್ನುತ್ತಿದ್ದಳು.

"ಈ ಒಂದು ವರ್ಷದಲ್ಲಿ ಹತ್ತಿರದ ನೆಂಟರಿಗೆ ಸಾಲ ತೀರಿಸಿದ್ದೀರಾ?"

"ಇಲ್ಲ." ನಂತರ ಹೆಮ್ಮೆಯಿಂದ ಸೇರಿಸಿದಳು. "ನಮ್ಮ ಅತ್ತೆಯ ಮಣ್ಣಿನ ದುಡ್ಡು ಒಂದು ಕೊಟ್ಟುಬಿಟ್ಟೆ, ಅಷ್ಟೇ. ಅದು ಸಾಲ ಅಲ್ಲ, ಋಣ."

ಏಮಸ್ ಪೆನ್ಸಿಲು ಕೆಳಗಿಟ್ಟ.

ಆ ಊರಿನ ಮುದುಕಿಯರು ವಾರ ವಾರ ಒಂದೆರಡು ಡಾಲರು ಕಟ್ಟಿ, ತಮ್ಮನ್ನು ಮಣ್ಣು ಮಾಡುವ ಖರ್ಚಿಗೆ ವಿಮೆ ಇಟ್ಟುಕೊಳ್ಳುತ್ತಾರೆ. ಊಟ ಬಿಟ್ಟಾರು, ಆ ಕಂತು ಬಿಡರು. ಒಡೆಸ್ಸಾಳ ಅತ್ತೆ ಅರ್ಲೀನ್ ನಲವತ್ತು ವರ್ಷ ಕಟ್ಟಿದ್ದಳು. ಮಗ ವೆಂಡೆಲ್‌ಗೆ ಕಾಯಿಲೆಯಾದಾಗ ಆ ವಿಮೆಯನ್ನು ಮುರಿದು ಮೂರು ಸಾವಿರ ಡಾಲರು ತಂದು ಸೊಸೆಯ ಕೈಗಿಟ್ಟಳು. ಮಗ ಉಳಿಯಲಿಲ್ಲ. ಒಡೆಸ್ಸಾ ಗಂಡನ ಟ್ರಕ್ಕು ಮಾರಿ, ಮೊದಲು ಆ ದುಡ್ಡನ್ನು ತೀರಿಸಿದಳು. ದಿವಾಳಿಗೆ ಮುಂಚೆ ತಾಯಿಯ ಋಣ! ಅವಳ ಬೀದಿಯಲ್ಲಿ ಯಾರಿದ್ದರೂ ಹಾಗೇ ಮಾಡುತ್ತಿದ್ದರು.

"ಯಾವಾಗ ಕೊಟ್ರಿ?"

"ಐದು ತಿಂಗಳಾಯ್ತು. ಯಾಕೆ?"

ಅವನು ಮೆಲ್ಲಗೆ ಹೇಳಿದ. "ಅದನ್ನ ಬರೀಲೇಬೇಕು. ಬರೆದರೆ... ಟ್ರಸ್ಟಿ ಅಂತ ಒಬ್ಬರನ್ನ ನ್ಯಾಯಾಲಯ ನೇಮಿಸುತ್ತೆ. ಬೇರೆ ಸಾಲದವರನ್ನ ಬಿಟ್ಟು ನೆಂಟರಿಗೆ ಮಾತ್ರ ಕೊಟ್ಟಿದ್ದನ್ನ ಅವರು ವಾಪಸ್ ಕೇಳಬಹುದು. ನಿಮ್ಮಿಂದ ಅಲ್ಲ, ನಿಮ್ಮ ಅತ್ತೆಯಿಂದ."

ಮನೆಯಲ್ಲಿ ಅರ್ಲೀನ್ ಮೂಗಿಗೆ ಆಮ್ಲಜನಕದ ನಳಿಕೆ ಸಿಕ್ಕಿಸಿಕೊಂಡು ಕೂತಿದ್ದಳು. ಹೃದಯ ಸೋತಿದೆ, ಹೆಚ್ಚೆಂದರೆ ಒಂದು ವರ್ಷ ಎಂದಿದ್ದರು ಡಾಕ್ಟರು.

"ಕಾಯೋದಾದ್ರೆ? ವರ್ಷ ತುಂಬೋವರೆಗೂ?"

"ಕಾಯಬಹುದು. ಇನ್ನೂ ಏಳು ತಿಂಗಳು. ಆದ್ರೆ ಅಲ್ಲಿವರೆಗೂ ಆಸ್ಪತ್ರೆಯವರು ಕೋರ್ಟ್ ಆದೇಶದ ಮೇಲೆ ನಿಮ್ಮ ಸಂಬಳದ ಕಾಲುಭಾಗ ಹಿಡ್ಕೊಳ್ತಾನೇ ಇರ್ತಾರೆ. ಅರ್ಜಿ ಹಾಕಿದ್ರೆ ಮಾತ್ರ ಅದು ನಿಲ್ಲೋದು."

ಬಾಡಿಗೆ ಆಗಲೇ ಎರಡು ತಿಂಗಳು ಹಿಂದೆ ಬಿದ್ದಿತ್ತು.

ಏಮಸ್ ಅರ್ಜಿಯನ್ನು ಪಕ್ಕಕ್ಕೆ ಸರಿಸಿದ. "ಇನ್ನೊಂದು ದಾರಿ ಇದೆ. ಗಂಡ ತೀರಿಹೋಗಿ, ಮಕ್ಕಳೂ ಇಲ್ಲದಿದ್ರೆ, ಅತ್ತೆ ಸೊಸೆ ಸಂಬಂಧ ಅಲ್ಲಿಗೆ ಮುಗೀತು ಅಂತ ವಾದಿಸಬಹುದು. ಹೊರಗಿನವರಿಗೆ ಕೊಟ್ಟಿದ್ದಾದ್ರೆ ಮೂರೇ ತಿಂಗಳ ಲೆಕ್ಕ, ನಿಮ್ಮದು ಅದನ್ನ ದಾಟಿದೆ. ಟ್ರಸ್ಟಿ ಕೇಳಿದಾಗ 'ಅವರು ನನಗೀಗ ಏನೂ ಆಗಬೇಕಾಗಿಲ್ಲ' ಅಂತ ನೀವು ಹೇಳಿದ್ರೆ..."

"ಏನಂದ್ರಿ?"

"ಇದು ಕಾಯಿದೆಯ ಮಾತು, ಒಡೆಸ್ಸಾ..."

ಮೊದಲ ಸಲ ಅವನು ಅವಳನ್ನು ಹೆಸರು ಹಿಡಿದು ಕರೆದದ್ದು. ಅದೇ ಅವಳನ್ನು ಸುಟ್ಟಿತು.

"ಓಹೋ, ಒಡೆಸ್ಸಾ! ವೆಂಡೆಲ್ ನನಗೆ ಯಾರೂ ಅಲ್ಲ, ಅವನ ತಾಯಿ ಯಾರೂ ಅಲ್ಲ, ನಾನು ಒಂಟಿ! ಹಾಗಂತ ನನ್ನ ಬಾಯಲ್ಲೇ ಹೇಳಿಸ್ಬೇಕಾ ನಿಮಗೆ? ನನ್ನ ಗಂಡನ್ನ ಇನ್ನೊಂದು ಸಲ ಹೂಳಬೇಕಾ? ಯಾರ ಅನುಕೂಲಕ್ಕೆ, ಮಿಸ್ಟರ್ ಕಿಂಬ್ರೋ?"

ಏಮಸ್ ಪೆನ್ಸಿಲು ಎತ್ತಿ, ಮತ್ತೆ ಕೆಳಗಿಟ್ಟ. ಅವನ ಮುಖ ಬಿಳುಚಿಕೊಂಡಿತು.

ಕಾಗದಗಳನ್ನೆಲ್ಲ ಚೀಲಕ್ಕೆ ತುರುಕಿಕೊಂಡು ಅವಳು ಹೊರಟುಬಿಟ್ಟಳು. ಬಸ್ಸಿನಲ್ಲಿ ಅಳು ಬಂತು. 'ಅಷ್ಟು ಅಂದೆ... ಅಲ್ಲ ಅಂತ ಒಂದು ಮಾತು ಯಾಕೆ ಹೇಳಲಿಲ್ಲ ಅವನು?'

ಮುಂದಿನ ಗುರುವಾರ ಆ ಕುರ್ಚಿಯಲ್ಲಿ ಬೇರೊಬ್ಬ ಹೆಂಗಸು ಕೂತಿದ್ದಳು.

"ಮಿಸ್ಟರ್ ಕಿಂಬ್ರೋ ಇಲ್ವಾ?"

"ಅವರು ದಿನ ಬದಲಾಯಿಸಿಕೊಂಡ್ರು, ಕಂದಾ. ಇನ್ನು ಮಂಗಳವಾರದ ಮೇಜಂತೆ. ಕೂತ್ಕೊ, ನಾನೇ ನೋಡ್ತೀನಿ."

'ಸರಿಯಾಯ್ತು,' ಎಂದುಕೊಂಡಳು ಒಡೆಸ್ಸಾ. 'ನನ್ನ ಬಡತನ ಸಾಕಾಯ್ತು ಅವನಿಗೆ.' ಆ ಪ್ರಶ್ನೆಯ ಮುಂದೆ ಹೌದು ಎಂದು ಗುರುತು ಹಾಕಿ, ಅತ್ತೆಯ ಹೆಸರು ಬರೆದು, ಸಹಿ ಮಾಡಿದಳು.

* * *

ವಿಚಾರಣೆಯ ದಿನ ಅರ್ಲೀನ್ ಬೇಡವೆಂದರೂ ಬಂದಳು. ಆಮ್ಲಜನಕದ ಪುಟ್ಟ ಸಿಲಿಂಡರನ್ನು ಚಕ್ರದ ಮೇಲೆ ಎಳೆದುಕೊಂಡು, ಭಾನುವಾರದ ಟೋಪಿ ಇಟ್ಟುಕೊಂಡು.

"ಕೇಳಿಸ್ಕೊ," ಎಂದಳು ಲಿಫ್ಟಿನಲ್ಲಿ. "ನಾನು ನಿನಗೆ ಯಾರೂ ಅಲ್ಲ ಅಂದ್ಬಿಡು. ಬೇಜಾರು ಮಾಡ್ಕೊಳ್ಳಲ್ಲ. ನಿನ್ನ ಅಡುಗೆಗೆ ಉಪ್ಪೂ ಸಾಲಲ್ಲ, ಎಂಥ ಸೊಸೆ ನೀನು!"

"ಡಾಕ್ಟರು ಉಪ್ಪು ಹಾಕಬೇಡ ಅಂದಿದಾರೆ, ಅಮ್ಮಾ."

"ಡಾಕ್ಟರಿಗೆ ರುಚಿ ಗೊತ್ತಾ?"

ಬಾಗಿಲು ದಾಟುವಾಗ ಒಡೆಸ್ಸಾ ತಟ್ಟನೆ ನಿಂತಳು. ಕೊನೆಯ ಸಾಲಿನಲ್ಲಿ ಏಮಸ್! ಕೈಯಲ್ಲಿ ಕಡತವಿಲ್ಲ, ಪಕ್ಕದಲ್ಲಿ ಯಾರೂ ಇಲ್ಲ. 'ನನ್ನ ಮಾನ ಹೋಗೋದನ್ನ ನೋಡೋಕೆ ಬಂದಿದಾನೆ.'

ಟ್ರಸ್ಟಿ ಹಸ್ಕಿನ್ಸ್ ದಣಿದ ಮುಖದ ಮುದುಕ. ಸತ್ಯ ಹೇಳುತ್ತೇನೆಂದು ಕೈ ಎತ್ತಿಸಿದ. ಹೆಸರು, ವಿಳಾಸ, ಸಂಬಳ. ಆಮೇಲೆ ಹಾಳೆ ತಿರುವಿದ.

"ಅರ್ಜಿಗೆ ಮುಂಚೆ ಅರ್ಲೀನ್ ಪ್ರುಯಿಟ್ ಅನ್ನೋರಿಗೆ ಮೂರು ಸಾವಿರ ಕೊಟ್ಟಿದೀರಿ. ಅವರು ನಿಮಗೇನಾಗಬೇಕು?"

ಹಿಂದಿನಿಂದ ಸಿಲಿಂಡರಿನ ಸುಯ್‌ ಸದ್ದು ಬರುತ್ತಿತ್ತು.

'ಏನೂ ಆಗಬೇಕಾಗಿಲ್ಲ.' ಎರಡೇ ಪದ! ಅಷ್ಟು ಹೇಳಿದರೆ ಆ ಮುದುಕಿಗೆ ಹಿತ್ತಾಳೆ ಹಿಡಿಯ ಶವಪೆಟ್ಟಿಗೆ, ಅದನ್ನು ಒಯ್ಯುವ ಕಪ್ಪು ಕಾರು, ಗಂಡನ ಸಮಾಧಿಯ ಪಕ್ಕದಲ್ಲಿ ಆರಡಿ ಜಾಗ.

"ಹೇಳೇ ಮಗಳೇ, ಯಾರೂ ಅಲ್ಲ ಅಂತ!" ಅರ್ಲೀನ್ ಕೂಗಿಯೇ ಬಿಟ್ಟಳು.

"ದಯವಿಟ್ಟು ಸುಮ್ಮನಿರಿ, ಮ್ಯಾಮ್," ಎಂದ ಹಸ್ಕಿನ್ಸ್.

ಒಡೆಸ್ಸಾ ಮೇಜಿನಂಚನ್ನು ಹಿಡಿದುಕೊಂಡಳು.

"ನನ್ನ ಅಮ್ಮ."

"ಹೆತ್ತ ತಾಯಿಯಾ?"

"ಅಲ್ಲ ಸಾರ್. ನನ್ನ ಗಂಡನ್ನ ಹೆತ್ತೋರು. ಅವನು ಹೋದ... ಹೋಗುವಾಗ ಇವರನ್ನ ನನಗೆ ಬಿಟ್ಟು ಹೋದ. ಒಂದೇ ಮನೆ, ಒಂದೇ ಒಲೆ. ಸಂಬಂಧ ಮುಗೀತು ಅನ್ನೋಕೆ ಕಾಯಿದೇಲಿ ದಾರಿ ಇದೆಯಂತೆ. ಇರಬಹುದು. ಆದ್ರೆ ನಾನು ಈಗಷ್ಟೇ ಕೈ ಎತ್ತಿ ಸತ್ಯ ಹೇಳ್ತೀನಿ ಅಂದಿದೀನಿ. ಬರ್ಕೊಳ್ಳಿ. ಅಮ್ಮ."

ಹಸ್ಕಿನ್ಸ್ ಕನ್ನಡಕ ತೆಗೆದು ಒರೆಸಿದ. ಆಮೇಲೆ ಬರೆದುಕೊಂಡ. ಅದು ಅವನ ಕೆಲಸ.

ಒಡೆಸ್ಸಾ ತಿರುಗಿ ನೋಡುವಷ್ಟರಲ್ಲಿ ಕೊನೆಯ ಸಾಲು ಖಾಲಿಯಾಗಿತ್ತು.

ಮೂರು ವಾರಕ್ಕೆ, ದುಡ್ಡು ವಾಪಸ್ ಕೇಳಿ ಟ್ರಸ್ಟಿಯ ಪತ್ರ ಬಂತು. ಒಡೆಸ್ಸಾಳ ಹೆಸರಿಗಲ್ಲ, ಅರ್ಲೀನಳ ಹೆಸರಿಗೆ. ಮುದುಕಿ ಅದನ್ನು ಬಂದ ದಿನವೇ ಒಡೆದಳು. ಬ್ಯಾಂಕಿನಲ್ಲಿದ್ದ ಅಷ್ಟೂ ದುಡ್ಡಿಗೆ ಚೆಕ್ಕು ಬರೆದಳು. ಎರಡು ಚೆಕ್ಕು ಹಾಳಾದವು, ಮೂರನೆಯದು ಸರಿಯಾಯಿತು.

"ಅಮ್ಮಾ, ನನ್ನ ಕ್ಷಮಿಸು..."

"ಬಾಯಿ ಮುಚ್ಚು. ಹಿತ್ತಾಳೆ ಹಿಡಿ ಪೆಟ್ಟಿಗೇಲಿ ಯಾರೂ ಇಲ್ಲದೋಳಾಗಿ ಮಲಗೋದಕ್ಕಿಂತ, ಹಲಗೆ ಪೆಟ್ಟಿಗೇಲಿ ಮಗಳಿರೋಳಾಗಿ ಮಲಗ್ತೀನಿ." ಚೆಕ್ಕಿನ ಮೇಲೆ ಊದಿ ಶಾಯಿ ಆರಿಸಿದಳು. "ಆ ಕೊನೇ ಸಾಲಲ್ಲಿ ಕೂತು ಕಣ್ಣು ಒರೆಸ್ಕೊಳ್ತಿದ್ದ ಉದ್ದನೆಯವನು ಯಾರು?"

ಒಡೆಸ್ಸಾ ಹಾಳಾದ ಚೆಕ್ಕುಗಳನ್ನು ಹರಿದಳು. ಕಣ್ಣು ಒರೆಸಿಕೊಳ್ಳುತ್ತಿದ್ದನೇ?

* * *

ಚಳಿಗಾಲ ಕಳೆಯಿತು. ಸಾಲ ಮನ್ನಾ ಆದ ಆದೇಶ ಬಂತು. ಸಂತೋಷವಾಗಲಿಲ್ಲ. ಅರ್ಲೀನ್ ಈಗ ಹಾಸಿಗೆಯಿಂದ ಕುರ್ಚಿಗೆ ಬರಲೂ ಏದುಸಿರು ಬಿಡುತ್ತಿದ್ದಳು.

ಮೇ ತಿಂಗಳ ಒಂದು ಶನಿವಾರ ಮಧ್ಯಾಹ್ನ ಚರ್ಚಿನ ಅಂಗಳದಲ್ಲಿ ಊಟದ ಡಬ್ಬಿಗಳ ಮಾರಾಟ. ಕರಿದ ಮೀನು, ಸ್ಪಗೆಟ್ಟಿ, ಎಲೆಕೋಸು, ಎರಡು ಚೂರು ಬ್ರೆಡ್ಡು. ಯಾರ ಮನೆಯಲ್ಲಿ ಮಣ್ಣಿನ ದುಡ್ಡಿಲ್ಲವೋ ಅವರಿಗಾಗಿ ಚರ್ಚಿನ ಹೆಂಗಸರು ಹೀಗೆ ಅಡುಗೆಗೆ ನಿಲ್ಲುತ್ತಾರೆ. ಇವತ್ತು ಅರ್ಲೀನಳಿಗಾಗಿ. ಅವಳೇ ನೆರಳಲ್ಲಿ ಕೂತು, ಮೀನಿನ ಬಣ್ಣ ಸಾಲದು ಎಂದು ಬೈಯುತ್ತಿದ್ದಳು.

"ಒಂದು ಡಬ್ಬಿ ಕೊಡಿ, ಮ್ಯಾಮ್."

ಒಡೆಸ್ಸಾಳ ಕೈಯಲ್ಲಿದ್ದ ಜಾಲರಿ ಸೌಟು ಎಣ್ಣೆಗೆ ಬಿತ್ತು. ಏಮಸ್!

"ಮೇಜಿನ ಮೇಲೆ ತಿಂಡಿ ತಗೊಳ್ಳೋ ಹಾಗಿಲ್ಲ ಅಂತಿದ್ರಿ," ಎಂದಳು. ದನಿ ಗಟ್ಟಿಯಾಗಿರಲಿಲ್ಲ.

"ನಿಮ್ಮ ಕಡತ ಬುಧವಾರ ಮುಚ್ಚಿತು."

"ನಿಮಗೆ ಹೇಗೆ ಗೊತ್ತು?"

"ಏಳು ತಿಂಗಳಿಂದ ದಿನಾ ಬೆಳಗ್ಗೆ ಎದ್ದು ಕೋರ್ಟಿನ ದಾಖಲೆ ನೋಡ್ತಿದ್ದೆ."

ಅವಳ ಕಣ್ಣು ತುಂಬಿತು, ಸಿಟ್ಟೂ ಬಂತು. "ಹಾಗಾದ್ರೆ ಆ ಗುರುವಾರ ಓಡಿಹೋಗಿದ್ದು ಯಾಕೆ? ಅಷ್ಟೊಂದು ಕಾಗದದ ಮುಂದೆ ನನ್ನ ಒಬ್ಬಳನ್ನೇ ಬಿಟ್ಟು!"

"ನೀವು ಆವತ್ತು ಹೇಳಿದ್ದು ಅರ್ಧ ನಿಜ, ಅದಕ್ಕೆ." ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಕಾಯಿದೆಯ ದಾರಿ ಹೇಳಿದ್ದು ನಿಮ್ಮ ಅತ್ತೆಗೋಸ್ಕರಾನೇ. ಆದ್ರೆ ಹೇಳುವಾಗ... ನೀವು ಯಾರಿಗೂ ಸೇರಿಲ್ಲ ಅನ್ನುವಾಗ, ನನ್ನೊಳಗೆ ಒಂದು ಸಣ್ಣ ಸಂತೋಷ ಇತ್ತು. ಆ ಮೇಜಿನ ಹಿಂದೆ ಕೂತೋನಿಗೆ ಅದು ಇರಕೂಡದು. ಅದು ನನ್ನ ಸಲಹೇನ ಕೆಡಿಸುತ್ತೆ ಅಂತ ಹೆದರಿ ಎದ್ದುಹೋದೆ."

"ಮತ್ತೆ ವಿಚಾರಣೆಗೆ ಬಂದಿದ್ದು?"

"ಮಾತಾಡೋ ಹಾಗಿರಲಿಲ್ಲ. ಕೂರಬಹುದಿತ್ತು."

"ಪ್ರೀತಿ ಮಾತಾಡೋದಾದ್ರೆ ಪಕ್ಕಕ್ಕೆ ಹೋಗಿ ಮಾತಾಡಿ!" ಸಾಲಿನಿಂದ ಯಾವಳೋ ಕೂಗಿದಳು. "ಇಲ್ಲಿ ಹಸಿದೋರಿದೀವಿ!"

ಇಬ್ಬರೂ ಮರದ ಕೆಳಗೆ ಸರಿದರು. ಒಡೆಸ್ಸಾ ಕೈಚೀಲದಿಂದ ನೀಲಿ ಲಕೋಟೆ ತೆಗೆದಳು. ಟೇಪು ಹಾಗೇ ಇತ್ತು, ಅಂಚು ಮಾತ್ರ ಹಳದಿಯಾಗಿತ್ತು.

"ಒಡೀಲಿಲ್ವಾ?"

"ಸಾಲ ಹೋಯ್ತು, ಆದ್ರೂ ಎಸೆಯೋಕಾಗಲಿಲ್ಲ. ಒಬ್ಬಳೇ ಓದೋ ಧೈರ್ಯಾನೂ ಬರಲಿಲ್ಲ. ಅದರಲ್ಲಿ ಏನಿದೆ, ಏಮಸ್?"

"ಆ ದಿನದ ಬಿಲ್ಲು, ಸಮಯ ಬರೆದಿದೆ. ಗಂಟೆಗೊಂದು ಸಾಲು. ಕೊನೇ ಸಾಲಿನವರೆಗೂ ನೋವಿನ ಔಷಧ ಕೊಟ್ಟಿದಾರೆ. ಅವರಿಗೆ ನೋವು ಇರಲಿಲ್ಲ, ಒಡೆಸ್ಸಾ."

ಒಂದೂವರೆ ವರ್ಷದಿಂದ ಎದೆಯಲ್ಲಿ ಹೆಪ್ಪುಗಟ್ಟಿದ್ದು ಆಗ ಕರಗಿತು. ಅವಳು ಅವನ ಅಂಗಿಗೆ ಹಣೆಯೊತ್ತಿ ಅತ್ತಳು. ಅವನು ಅಲುಗದೆ ನಿಂತ.

"ಒಡೆಸ್ಸಾ!" ನೆರಳಿನಿಂದ ಅರ್ಲೀನಳ ದನಿ. "ಮೀನು ಸೀಯ್ತಿದೆ. ಇವರು ನಿನಗೇನಾಗಬೇಕು?"

ಅದೇ ಪ್ರಶ್ನೆ. ಈ ಸಲ ಬರೆದುಕೊಳ್ಳುವವರು ಯಾರೂ ಇರಲಿಲ್ಲ.

"ನೀನು ಹೂಂ ಅಂದ್ರೆ ಹೇಳ್ತೀನಿ, ಅಮ್ಮಾ."

ಮುದುಕಿ ಏಮಸ್‌ನನ್ನು ಮೇಲಿನಿಂದ ಕೆಳಗೆ ನೋಡಿದಳು. ಉಸಿರೆಳೆದುಕೊಂಡಳು.

"ನಮ್ಮ ಅಡುಗೆಮನೇಲಿ ವೆಂಡೆಲ್ ಕುರ್ಚಿ ಹಾಗೇ ಇದೆ, ಕಣಪ್ಪಾ. ಅದರಲ್ಲಿ ಕೂರೋ ಹಾಗಿಲ್ಲ."

"ಕೂರಲ್ಲ, ಮ್ಯಾಮ್."

"ನಿನಗೆ ಬೇರೆ ಕುರ್ಚಿ ತಗೊಂಬಾ."

"ತರ್ತೀನಿ, ಮ್ಯಾಮ್."

ಅವನು ಒಡೆಸ್ಸಾಳ ಕಡೆ ತಿರುಗಿದ. "ಮುಂದಿನ ವಾರ ತರಲಾ?"

ಒಡೆಸ್ಸಾ ಅತ್ತೆಯ ಏರಿಳಿಯುವ ಎದೆಯನ್ನು ನೋಡಿದಳು. ಅವಳಿಗೆ ಕೇಳಿಸದ ಹಾಗೆ, ಅವನ ಕೈ ಹಿಡಿದು ಪಿಸುಗುಟ್ಟಿದಳು.

"ಬೇಡ... ಇವತ್ತೇ ತನ್ನಿ. ಅಮ್ಮ ನೋಡಲಿ."