ಓಕೆ ಒತ್ತದ ನಲವತ್ತು ನಿಮಿಷ

"ಬನಶಂಕರಿ ಅಂದ್ರೆ ನೀವೇನಾ? ನಾನು ದಯಾನಂದ್. ಕಲ್ಯಾಣದುರ್ಗದಿಂದ ಬಂದೆ."

ಅವಳ ಕೈಯಲ್ಲಿದ್ದ ಮೌಸ್ ಅಲ್ಲೇ ನಿಂತಿತು. ಒಂದು ವರ್ಷದಿಂದ ಬರೀ ಮೆಸೇಜಾಗಿ ಬರುತ್ತಿದ್ದ ಮನುಷ್ಯ, ಇವತ್ತು ಹಿಂದೂಪುರದ ಸೀರೆ ಡಿಸೈನ್ ಅಂಗಡಿಯ ಬಾಗಿಲಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ!

ಅಯ್ಯೋ ದೇವರೇ... ಯಾವ ಮುಖ ಇಟ್ಟುಕೊಂಡು ಮಾತಾಡಲಿ?

ಮುಖ ಮುಚ್ಚಿಕೊಳ್ಳುವಂಥ ಕೆಲಸವನ್ನೇ ಮಾಡಿದ್ದಳು ನಮ್ಮ ಹುಡುಗಿ. ದಯಾನಂದನ ಮನೆಯಲ್ಲಿ ನಾಲ್ಕು ಮಗ್ಗ. ಅವನ ಸೀರೆಗಳ ಅಂಚು, ಸೆರಗನ್ನು ಇವಳು ಕಂಪ್ಯೂಟರಿನಲ್ಲಿ ಬಿಡಿಸುತ್ತಿದ್ದಳು. ಆ ಡಿಸೈನ್ ಸಾಫ್ಟ್‌ವೇರಿನಲ್ಲೇ ಚಾಟೂ ಇತ್ತು. ಅಂಚಿನ ಮಾತು ಊಟದ ಮಾತಾಯಿತು, ಊಟದ ಮಾತು ಮದುವೆಯ ಮಾತಾಯಿತು. ಅಪ್ಪ ಒಪ್ಪಿದ್ದಾರೆ ಎಂದು ಒಂದು ದಿನ ಬರೆದೇಬಿಟ್ಟಳು. ಅಪ್ಪ ಓಬಳೇಶಪ್ಪನ ಮುಂದೆ ಅವಳು ಬಾಯಿ ಬಿಟ್ಟೇ ಇರಲಿಲ್ಲ. ಮನೆಯ ಭಯಕ್ಕೆ ದಯಾನಂದನಿಗೆ ಫೋನ್ ನಂಬರನ್ನೂ ಕೊಟ್ಟಿರಲಿಲ್ಲ.

ಹೋದ ಶುಕ್ರವಾರ ಅವನ ಮೆಸೇಜು ಬಂತು. ಅಮ್ಮ ರಾಮಕ್ಕನ ಜೊತೆ ಹೂವು, ಹಣ್ಣು ಹಿಡಿದು ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿದ್ದೇನೆ, ನಿಮ್ಮ ಮನೆಗೆ ಬರಲೇ, ಎಂದು ಕೇಳಿದ್ದ. ಅದೇ ಗಳಿಗೆಗೆ ಪರದೆಯ ಮೇಲೆ ಒಂದು ಬಾಕ್ಸ್ ಬಂತು. 'ಪ್ರಿಂಟರ್ ಸಿಗುತ್ತಿಲ್ಲ.' ಅದು ಹೋಗುವ ತನಕ ಒಂದಕ್ಷರ ಟೈಪ್ ಮಾಡಲಾಗದು. ಕೆಳಗೆ 'ಓಕೆ' ಎಂಬ ಒಂದೇ ಒಂದು ಬಟನ್.

ನಲವತ್ತು ನಿಮಿಷ ಅದನ್ನು ಒತ್ತದೆ ಕೂತಳು ಕಣ್ರೀ! ಬಾಕ್ಸಿನ ಹಿಂದೆ ಅವನ ಮೆಸೇಜುಗಳು ಬರುತ್ತಲೇ ಇದ್ದವು. 'ಇದ್ದೀರಾ?' 'ಬಸ್ಸು ಹೊರಡ್ತೈತೆ.' ಆಮೇಲೆ ಅದೂ ನಿಂತಿತು. ಸಂಜೆ, ಪ್ರಿಂಟರ್ ಬಾಕ್ಸ್ ಅಡ್ಡ ಬಂದು ಇಡೀ ದಿನ ಕಂಪ್ಯೂಟರ್ ಅಲುಗಲಿಲ್ಲ ಎಂದು ಬರೆದು ಕೈ ತೊಳೆದುಕೊಂಡಳು.

ಈಗ ಬೈಸಿಕೊಳ್ಳಲು ತಲೆ ತಗ್ಗಿಸಿದಳು. ದಯಾನಂದ ಬೈಯಲಿಲ್ಲ. ಚೀಲದಿಂದ ಹೊಸ ಪ್ರಿಂಟರ್ ಕೇಬಲ್ ತೆಗೆದ.

"ಆ ಬಾಕ್ಸು ನಿಮ್ಗೆ ಕಾಟ ಕೊಡ್ತೈತೆ ಅಂದ್ರಲ್ಲ... ಸರಿ ಮಾಡ್ಕೊಟ್ಟು ಹೋಯ್ತೀನಿ ಅಂತ ಬಂದೆ."

ನಂಬಿದ್ದ! ಎರಡು ಬಸ್ಸು ಬದಲಿಸಿ, ಅವಳ ಸುಳ್ಳನ್ನು ರಿಪೇರಿ ಮಾಡಲು ಬಂದಿದ್ದ! ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು ಬನಶಂಕರಿಗೆ.

ಅಷ್ಟರಲ್ಲಿ ಬಾಕ್ಸ್ ಮತ್ತೆ ಬಂತು. ದಯಾನಂದ ಬಗ್ಗಿ 'ಓಕೆ' ಒತ್ತಿದ. ಹೊರಟೇ ಹೋಯಿತು.

ಅವನು ಪರದೆಯನ್ನು ನೋಡಿದ, ಅವಳನ್ನು ನೋಡಿದ. ಕೇಬಲನ್ನು ಮತ್ತೆ ಚೀಲಕ್ಕಿಟ್ಟು ಬಾಗಿಲ ಕಡೆ ತಿರುಗಿದ.

"ನಿಂತ್ಕಳಿ... ಬಾಕ್ಸ್ ಅಲ್ಲ, ನಾನೇ ಒತ್ಲಿಲ್ಲ. ಅಪ್ಪಂಗೆ ಹೇಳೇ ಇಲ್ಲ. ಸುಳ್ಳು ಹೇಳ್ಬುಟ್ಟೆ."

ತನ್ನಮ್ಮ ಅವತ್ತು ಮಧ್ಯಾಹ್ನದವರೆಗೂ ಬಸ್ ಸ್ಟ್ಯಾಂಡಿನಲ್ಲಿ ಹೂವಿಗೆ ನೀರು ಚಿಮುಕಿಸುತ್ತ ಕೂತಿದ್ದಳೆಂದು ಅವನು ಮೆಲ್ಲಗೆ ಹೇಳಿದ. ಅವನ ಕಣ್ಣು ಕೆಂಪಾಗಿತ್ತು.

ಅವಳಿಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ, ಅವನೆದುರಿಗೇ ಅಪ್ಪನಿಗೆ ಫೋನ್ ಮಾಡಿದಳು.

"ಅಪ್ಪಾ... ಕಲ್ಯಾಣದುರ್ಗದೋರು ಒಬ್ರನ್ನ ಇಷ್ಟಪಟ್ಟಿದ್ದೀನಿ. ಬೈಯಿ, ಹೊಡಿ, ಅವರ್ನೇ ಮದ್ವೆ ಆಗೋದು."

ಹುಡುಗ ಎಲ್ಲಿದ್ದಾನೆ ಎಂದು ಮಾತ್ರ ಕೇಳಿದ ಓಬಳೇಶಪ್ಪ. ಎದುರಿಗೇ ಇದ್ದಾರೆ ಅಂದಳು. ಸಂಜೆ ಕರೆದುಕೊಂಡು ಬಾ, ನೋಡೋಣ ಎಂದು ಫೋನ್ ಇಟ್ಟ.

ಅವಳು ದಯಾನಂದನ ಮುಖ ನೋಡಲಾರದೆ ನೆಲ ನೋಡುತ್ತ ಕೇಳಿದಳು.

"ನಿಮ್ಮಮ್ಮಂಗೂ ನಾನೇ ಹೇಳ್ತೀನಿ, ತಪ್ಪು ನಂದು ಅಂತ. ಕರ್ಕೊಂಡು ಹೋಯ್ತೀರಾ?"

"ಹೇಳೀರಂತೆ. ನಾನು ಪಕ್ಕದಾಗೇ ನಿಂತಿರ್ತೀನಿ."